ಅಪ್‌ಡೇಟ್: ಅಮ್ಮನ ಬಯಾಪ್ಸಿ ವರದಿ ಬಂದಿದೆ

ಕೋಲಾರದಲ್ಲಿ ಅಮ್ಮನಿಗೆ ಎಂಡೋಸ್ಕೋಪಿ ಮಾಡಿದಾಗ ಜಠರದ ಐದು ಕಡೆಗಳಿಂದ ಚೂರು ತೆಗೆದದ್ದೇಕೆ, ಒಂದು ಸಾಲದೇ ಎಂದು ಹಿಂದೆ ಕೇಳಿದ್ದೆ. ವರದಿ ನೋಡಿದ ಮೇಲೆ ಕಾರಣ ತಿಳಿಯಿತು: ದೀರ್ಘಕಾಲದ ಗ್ಯಾಸ್ಟ್ರೈಟಿಸ್ (ಜಠರದ ಒಳಪದರದ ಉರಿಯೂತ) ಆ ಪದರವನ್ನೆಲ್ಲ ಒಂದೇ ಸಮನೆ ಕೆಡಿಸುವುದಿಲ್ಲ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಸಾಮಾನ್ಯವಾಗಿ ಜಠರದ ಕೆಳತುದಿಯಾದ ಆಂಟ್ರಮ್‌ನಲ್ಲಿ ಮೊದಲಾಗುತ್ತದೆ. ಉರಿಯೂತ ಅಲ್ಲಿಯೇ ಪ್ರಬಲವಾಗಿದ್ದರೆ ಆಮ್ಲ ಸ್ರವಿಸುವಂತೆ ಮಾಡುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಹೆಚ್ಚಿ, ಅದರಿಂದ ಆಮ್ಲವೂ ಹೆಚ್ಚಿ, ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಾಗುವ ಸಂಭವವಿರುತ್ತದೆ. ನಾವೆಲ್ಲ ಅದನ್ನೇ ಊಹಿಸಿದ್ದೆವು. ಆದರೆ ಅಮ್ಮನ ಆಂಟ್ರಮ್ ಬಹುತೇಕ ಸರಿಯಾಗಿದ್ದು, ಜಠರದ ನಡುಭಾಗ ಮತ್ತು ಮೇಲ್ಭಾಗದ ಒಳಪದರ ಸವೆದಿದೆ. ಆಮ್ಲವನ್ನೂ, ವಿಟಮಿನ್ ಬಿ12 ಹೀರಿಕೊಳ್ಳಲು ಅಗತ್ಯವಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನೂ ತಯಾರಿಸುವ ಪರೈಟಲ್ ಕೋಶಗಳು ಇರುವುದು ಅಲ್ಲಿಯೇ. ದೇಹದ ರೋಗನಿರೋಧಕ ಶಕ್ತಿಯೇ ಅವುಗಳ ಮೇಲೆ ಎರಗುವ ಆಟೊಇಮ್ಯೂನ್ ಗ್ಯಾಸ್ಟ್ರೈಟಿಸ್ ಇದೆಂದು, ರಕ್ತದಲ್ಲಿ ಆ ಕೋಶಗಳ ವಿರುದ್ಧದ ಪ್ರತಿಕಾಯಗಳು ಕಂಡ ಬಳಿಕ, ವೈದ್ಯರು ಹೇಳಿದರು.

ಅಮ್ಮನ ಸುಸ್ತಿಗೂ ಕಾಲು ಜೋಮಿಗೂ ರಾಗಿ ಮುದ್ದೆ ಬಿಟ್ಟದ್ದೇ ಕಾರಣವೆಂದು ದೊಡ್ಡಮ್ಮ ವಾದಿಸುತ್ತಿದ್ದರು. ನಿಜವಾದ ಕಾರಣ ಬಿ12 ಕೊರತೆ. ಆಮ್ಲವೇ ಕಡಿಮೆಯಾಗಿರುವ ಹೊಟ್ಟೆಗೆ ಇಷ್ಟು ದಿನ ನಾವು ಆಮ್ಲ ತಗ್ಗಿಸುವ ಮಾತ್ರೆ ನುಂಗಿಸಿದ್ದೆವೆಂಬುದು ನನ್ನನ್ನು ಈಗಲೂ ಚುಚ್ಚುತ್ತಿದೆ. ಸದ್ಯ ಬಿ12 ಇಂಜೆಕ್ಷನ್ ಆರಂಭವಾಗಿದೆ. ಸವೆದ ಪದರದಲ್ಲಿ ಮುಂದೆ ಗೆಡ್ಡೆಗಳು ಮೂಡುವ ಸಾಧ್ಯತೆ ಇರುವುದರಿಂದ ಎಂಡೋಸ್ಕೋಪಿಯನ್ನು ಮತ್ತೆ ಮಾಡಿಸಬೇಕಾಗುತ್ತದೆ.