ಸಹಾಯ ಬೇಕು: ಬೋಟ್ ನಿಂತ ಎರಡು ತಿಂಗಳು ಕಂತು ಕಟ್ಟೋದು ಹೇಗೆ?

ಅಕ್ಕ, ಅಣ್ಣ, ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ಮನೆಯವರು ಬೈತಖೋಲದಿಂದ ಬೋಟಿಗೆ ಹೋಗ್ತಾರೆ, ನಾನು ಒಣಮೀನು ಮಾರ್ತೇನೆ. ಸೀಜನ್ನಿನಲ್ಲಿ ಇಬ್ಬರದ್ದೂ ಸೇರಿ ತಿಂಗಳಿಗೆ 22,000 ಆಗ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ, ಕಂತು ಮಾತ್ರ ನಿಲ್ಲೋದಿಲ್ಲ.

ಅತ್ತೆಯ ಆಪರೇಷನ್ನಿಗೆ ಅಂತ ಮೂರು ಕಡೆ ಗುಂಪು ಸಾಲ ಆಗಿದೆ. ತಿಂಗಳಿಗೆ 13,400 ಕಟ್ಟಬೇಕು. ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದಲ್ಲಿ, ಮನೆಯ ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂತ ಇದೆ. ನಮ್ಮ ಲೆಕ್ಕಕ್ಕೆ 11,000. ಮೂರನೇ ಸಾಲ ಕೊಡುವಾಗ ಮೊದಲಿನ ಎರಡರ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು.

ಸಾಲ ಮುಳುಗಿಸುವ ಮನಸ್ಸು ಖಂಡಿತ ಇಲ್ಲ. ನಾನು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರ ಮೇಲೆ ಬೀಳ್ತದೆ, ಅವರೂ ನನ್ನ ಹಾಗೇ ಬುಟ್ಟಿ ಹೊತ್ತು ಬದುಕುವವರು.

ಮೊನ್ನೆ ರಾತ್ರಿ ಎಂಟೂವರೆಗೆ ವಸೂಲಿಯವರು ಬಂದು ಜಗುಲಿ ಮೇಲೆ ಕೂತುಬಿಟ್ಟರು. ಸಂಜೆ 6ರ ಮೇಲೆ ಫೋನ್ ಕೂಡ ಮಾಡಬಾರದು ಅಂತ ಅದೇ ನಿಯಮದಲ್ಲಿದೆ. ಈಗ ಬೈಕಿನ ಸದ್ದು ಕೇಳಿದರೆ ಸಾಕು, ಮಗಳು ಪುಸ್ತಕ ಮುಚ್ಚಿ ಲೈಟ್ ಆರಿಸ್ತಾಳೆ. ಈ ವರ್ಷ ಅವಳಿಗೆ ಎಸ್‌ಎಸ್‌ಎಲ್‌ಸಿ. ಅವಳ ಟ್ಯೂಷನ್ ಬಿಡಿಸಿ ಕಂತು ಕಟ್ಟಲು ನನಗೆ ಮನಸ್ಸಾಗ್ತಿಲ್ಲ.

ಮಳೆಗಾಲದ ಎರಡು ತಿಂಗಳು ಕಂತು ಕಡಿಮೆ ಮಾಡಿ, ಆಗಸ್ಟಿನಿಂದ ಹೆಚ್ಚು ಕಟ್ತೇವೆ ಅಂತ ಅರ್ಜಿ ಕೊಟ್ಟು ಯಾರಿಗಾದರೂ ಒಪ್ಪಿಗೆ ಸಿಕ್ಕಿದೆಯಾ? ಅರ್ಜಿ ಹೇಗೆ ಬರೆದಿರಿ? ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆಯಲ್ಲ, ಅದನ್ನು ಮಾಡಿಸಿಕೊಂಡವರು ಕಾರವಾರ, ಅಂಕೋಲಾ ಕಡೆ ಇದ್ದರೆ ಯಾವ ಕಾಗದ ಬೇಕು ಅಂತ ದಯವಿಟ್ಟು ತಿಳಿಸಿ. ಮೇ ಮುಗಿಯೋದರೊಳಗೆ ಏನಾದರೂ ದಾರಿ ಮಾಡ್ಕೋಬೇಕು.