ಹಸಿಯಲ್ಲಿ ಕಡೆದು ಆರಲು ಇಟ್ಟ ಬಟ್ಟಲಿಗೆ ಏನೆನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ಮರಗೆಲಸ ಕಲಿಯುವವರಿಗಾಗಿ ಲೇತ್ (ಮರವನ್ನು ತಿರುಗಿಸುತ್ತ ಉಳಿ ಹಿಡಿದು ರೂಪ ಕೊಡುವ ಯಂತ್ರ) ಕೆಲಸದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ದೊಡ್ಡ ಬಟ್ಟಲುಗಳ ಅಧ್ಯಾಯದಲ್ಲಿ ಒಂದು ಹೆಸರು ಸಿಗದೆ ನಿಂತಿದ್ದೇನೆ. ಕೆಲಸದ ಬಗೆ ಗೊತ್ತಾದರೆ ಹೆಸರು ಹುಡುಕುವುದು ಸುಲಭ, ಅದನ್ನೇ ಮೊದಲು ಹೇಳುತ್ತೇನೆ.

ಆಗಷ್ಟೇ ಕಡಿದ ಹಲಸಿನ ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ನಡುವಿನ ಬೆಂಡನ್ನು ಪೂರಾ ತೆಗೆದು, ಹಸಿಯಿರುವಾಗಲೇ ಕಡೆಯುತ್ತಾರೆ. ಉಳಿ ಸಲೀಸಾಗಿ ಇಳಿಯುತ್ತದೆ, ಹೆರೆ ಉದ್ದುದ್ದ ಸುರುಳಿಯಾಗಿ ಬರುತ್ತದೆ, ಮೈಮೇಲೆ ನೀರೂ ಸಿಡಿಯುತ್ತದೆ. ಆದರೆ ಬಟ್ಟಲನ್ನು ತೆಳ್ಳಗೆ ಮಾಡುವುದಿಲ್ಲ. 12 ಅಂಗುಲ ಅಗಲದ್ದಾದರೆ ಅಂಚು ಒಂದೂಕಾಲು ಅಂಗುಲದಷ್ಟು ದಪ್ಪ, ಅಂದರೆ ಅಗಲದ ಸುಮಾರು ಹತ್ತರಲ್ಲೊಂದು ಪಾಲು. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲವಲ್ಲ! ಉಂಗುರಗಳ ಸುತ್ತಿನಲ್ಲಿ ಕುಗ್ಗುವುದು ನಡುವಿನಿಂದ ಹೊರಕ್ಕೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ನಾರಿನ ಉದ್ದಕ್ಕಂತೂ ಕುಗ್ಗಿತೆಂದು ಹೇಳುವಂತೆಯೇ ಇಲ್ಲ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದಪ್ಪ ಉಳಿಸಿಕೊಂಡಿದ್ದರೆ ಎರಡನೇ ಸಲ ಕಡೆದು ಮತ್ತೆ ದುಂಡಗೆ ತರಬಹುದು.

ಈ ಎರಡು ಕಡೆತಗಳ ನಡುವೆ ಹಲವು ತಿಂಗಳು ಹೋಗುತ್ತವೆ. ನಾರಿನ ತುದಿ ಕಾಣುವಲ್ಲಿ ಮೇಣ ಸವರಿ, ಕಾಗದದ ಚೀಲದಲ್ಲಿ ಹಾಕಿ, ಗಾಳಿ ನೇರವಾಗಿ ಬಡಿಯದ ಕಡೆ ಇಟ್ಟು, ಆಗಾಗ ತೂಗುತ್ತಾರೆ. ತೂಕ ಇಳಿಯುವುದು ನಿಂತರೆ ಹದಕ್ಕೆ ಬಂತೆಂದು ಲೆಕ್ಕ. ಮರದ ನೀರಿನಂಶ ಅದರ ಒಣ ತೂಕದ ಶೇ. 30ರ ಆಸುಪಾಸಿಗೆ ಇಳಿದ ಮೇಲೆಯೇ ಕುಗ್ಗುವಿಕೆ ಶುರು. ಅವಸರ ಮಾಡಿದರೆ ಹೊರಮೈ ಅಲ್ಲಿಗೆ ಬೇಗ ತಲುಪಿ ಬಿಗಿಯುತ್ತದೆ, ಒಳಗು ಇನ್ನೂ ಹಸಿ. ಬಟ್ಟಲು ಬಿರಿಯುವುದು ಆಗಲೇ. ಆದ್ದರಿಂದ ಇಲ್ಲಿ 'ಒಣಗಿಸು' ಎನ್ನುವುದಕ್ಕಿಂತ 'ನೆರಳಲ್ಲಿ ಆರಿಸು' ಎಂದು ಬರೆಯುವುದೇ ಸರಿಯೆಂದು ನನಗನ್ನಿಸುತ್ತದೆ. 'ಒಣಗಿಸಿ' ಎಂದು ಓದಿದವರು ಅದನ್ನು ಬಿಸಿಲಿಗಿಟ್ಟುಬಿಟ್ಟಾರು.

'ಕಡೆ' ಎಂಬ ಧಾತುವನ್ನು ಬಿಡಲು ಮನಸ್ಸಿಲ್ಲ. ಮಜ್ಜಿಗೆ ಕಡೆಯುವವರು ಹಗ್ಗವನ್ನು ಅತ್ತಿತ್ತ ಎಳೆದಂತೆಯೇ, ಹಗ್ಗ ಸುತ್ತಿ ಎಳೆಯುವ ಹಳೆಯ ಲೇತ್‌ನಲ್ಲೂ ಮರ ಒಮ್ಮೆ ಆಚೆ ಒಮ್ಮೆ ಈಚೆ ತಿರುಗುತ್ತದೆ. ಆದರೆ ವಿಗ್ರಹವನ್ನೂ 'ಕಡೆದರು' ಎನ್ನುತ್ತೇವೆ, ಅಲ್ಲಿ ಯಾವುದೂ ತಿರುಗುವುದಿಲ್ಲ. ಹಾಗಾಗಿ ಅಧ್ಯಾಯದ ಮೊದಲ ಸಾಲಿನಲ್ಲೇ 'ಲೇತ್‌ನಲ್ಲಿ ಕಡೆಯುವುದು' ಎಂದು ಬಿಡಿಸಿ ಬರೆದಿದ್ದೇನೆ.

ಈಗ ಪ್ರಶ್ನೆ. ಮೊದಲ ಸಲ ಕಡೆದು ಆರಲು ಇಟ್ಟ ದಪ್ಪ ಬಟ್ಟಲಿಗೆ ಒಂದು ಹೆಸರು ಬೇಕು. 'ಅರೆಬಟ್ಟಲು' ಎಂದರೆ ಒಡೆದ ಹೋಳಿನಂತೆ ಕೇಳಿಸುತ್ತದೆ. 'ಕರಡು' ಬರವಣಿಗೆಯವರ ಮಾತಾಯಿತು. ಕೆಲಸದ ಎರಡು ಹಂತಗಳಿಗೆ 'ಹಸಿಗಡೆತ', 'ಮರುಗಡೆತ' ಎಂದು ಕಟ್ಟಿಕೊಂಡಿದ್ದೇನೆ. ಬಾಯಲ್ಲಿ ಹೇಳುವಾಗ 'ಕಡತ'ದ ಜೊತೆ ಗೊಂದಲವಾದೀತೇ ಎಂಬ ಅನುಮಾನವಿದೆ. ಬಟ್ಟಲಿನ ಹೆಸರು ಮಾತ್ರ ಹೊಳೆದಿಲ್ಲ.

ಕಟ್ಟಿದ ಪದಕ್ಕಿಂತ ಬಳಕೆಯ ಪದ ಸಿಕ್ಕರೆ ಒಳ್ಳೆಯದು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಹದಮಾಡಿ ಕಡೆಯುವವರ ಮನೆಮಾತಿನಲ್ಲಿ, ಇಲ್ಲವೇ ಮಲೆನಾಡು, ಕರಾವಳಿಗಳಲ್ಲಿ ಮರಿಗೆ (ಮರದ ಪಾತ್ರೆ) ಮಾಡುತ್ತಿದ್ದ ಹಿರಿಯರ ಬಾಯಲ್ಲಿ ಇಂಥದ್ದೇನಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಊರ ಕಡೆಯ ಮಾತು, ಯಾವ ಮರಕ್ಕೆ ಹೇಳುತ್ತಿದ್ದರು ಎಂಬುದನ್ನೂ ದಯವಿಟ್ಟು ಸೇರಿಸಿ ಬರೆಯಿರಿ.