ಭಜನೆಗೂ ಪರ್ಮಿಷನ್ ಬೇಕಾ ಮೇಡಂ?

ಪ್ರಶ್ನೆ (ಚಿಕ್ಕಬಳ್ಳಾಪುರ ತಾಲ್ಲೂಕಿನ ಸದಸ್ಯೆ):

ನಮಸ್ತೆ ಲಾಯರ್ ಮೇಡಂ. ನಮ್ಮೂರ ಗುಡ್ಡದಲ್ಲಿ ಕಲ್ಲು ಕ್ವಾರಿ ಇದೆ. ಬಂಡೆ ಸಿಡಿಸಿದಾಗೆಲ್ಲ ಮನೆ ಅಲ್ಲಾಡುತ್ತದೆ. ನಮ್ಮ ಅಡುಗೆಮನೆ ಗೋಡೆಯಲ್ಲಿ ಈಗ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿ ಹೋದ ಸೋಮವಾರ ಮೂವತ್ತು ಜನ ಹೆಂಗಸರು ಕ್ವಾರಿ ರಸ್ತೆಯಲ್ಲಿ ಕೂತು ಭಜನೆ ಮಾಡಿದೆವು. ನಮ್ಮೂರ ಮುಸ್ಲಿಂ ಮನೆಯವರೂ ಬಂದು ಪಕ್ಕದಲ್ಲೇ ಕೂತು ದುವಾ ಮಾಡಿದರು. ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು. "144 ಇದೆ, ಎದ್ದೇಳಿ" ಎಂದರು. "ಪ್ರತಿಭಟನೆ ಅಲ್ಲ ಸಾರ್, ಪ್ರಾರ್ಥನೆ" ಎಂದೆವು. ಕೇಳಲಿಲ್ಲ. ಮೈಕ್ ಸೆಟ್ ಜೀಪಿಗೆ ಹಾಕಿಕೊಂಡು ಹೋದರು. ದೇವರ ನಾಮ ಹೇಳೋಕೂ ಪರ್ಮಿಷನ್ ಬೇಕಾ? ಪ್ರಾರ್ಥನೆ ಅಂದರೆ ಕಾನೂನು ನಮ್ಮ ಕಡೆ ಜಾಸ್ತಿ ನಿಲ್ಲುತ್ತದೆ ಅಲ್ವಾ?

ಉತ್ತರ (ವಕೀಲೆ):

ಅಕ್ಕ, ಇಲ್ಲ. ಜಾಸ್ತಿ ನಿಲ್ಲುವುದಿಲ್ಲ. ತುಂಬಾ ಜನ ನಿಮ್ಮ ಹಾಗೇ ಅಂದುಕೊಂಡಿದ್ದಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಂವಿಧಾನದ 25ನೇ ವಿಧಿ ಧರ್ಮ ಆಚರಿಸುವ ಹಕ್ಕು ಕೊಡುತ್ತದೆ. ಆದರೆ ಆ ವಿಧಿ ಶುರುವಾಗುವುದೇ ಷರತ್ತಿನಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಜೊತೆಗೆ ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಅಂತ. 19ನೇ ವಿಧಿ ಬೇರೆ ಥರ. ಅದು ಮೊದಲು ಹಕ್ಕು ಹೇಳುತ್ತದೆ: ಮಾತಾಡುವ ಹಕ್ಕು, ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕು. ಆಮೇಲೆ, ಯಾವ ಕಾರಣಕ್ಕೆ ಅದನ್ನು ಮಿತಿಗೊಳಿಸಬಹುದು ಅಂತ ಒಂದೊಂದಾಗಿ ಎಣಿಸಿ ಹೇಳುತ್ತದೆ. ಆ ಮಿತಿಯೂ ಸಮಂಜಸವಾಗಿರಬೇಕು. ಅಂದರೆ ನೀವು 'ಪ್ರತಿಭಟನೆ ಅಲ್ಲ' ಅಂದ ಕೂಡಲೇ ಕೈಯಲ್ಲಿದ್ದ ಗಟ್ಟಿ ಹಕ್ಕನ್ನು ನೀವೇ ಬಿಟ್ಟುಕೊಟ್ಟಿರಿ. ಕ್ವಾರಿ ಎದುರು ಕೂತಿದ್ದು ಪ್ರತಿಭಟನೆಯೇ. ಅದನ್ನು ಧೈರ್ಯವಾಗಿ ಹೇಳಿ. ಭಜನೆ, ದುವಾ ಅದರೊಳಗೆ ಇರಲಿ, ಯಾರೂ ಬೇಡ ಅನ್ನುವುದಿಲ್ಲ.

ಈಗ 144ರ ವಿಷಯ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಾವೆಲ್ಲ 144 ಅನ್ನುತ್ತಿದ್ದುದು ಈಗ ಅದರ 163ನೇ ಸೆಕ್ಷನ್. ನಿಷೇಧಾಜ್ಞೆ ಹೊರಡಿಸುವವರು ಡಿಸಿ, ಎಸಿ ಅಥವಾ ಅಧಿಕಾರ ಪಡೆದ ತಹಶೀಲ್ದಾರರಂಥ ಮ್ಯಾಜಿಸ್ಟ್ರೇಟರು. ಬರಹದಲ್ಲಿ ಇರಬೇಕು, ಕಾರಣ ಬರೆದಿರಬೇಕು. ಸಾಮಾನ್ಯವಾಗಿ ಎರಡು ತಿಂಗಳು ಮೀರುವ ಹಾಗಿಲ್ಲ. ಜೀಪಿನಿಂದ ಇಳಿದು ಬಾಯಲ್ಲಿ ಹೇಳಿದ್ದು ನಿಷೇಧಾಜ್ಞೆ ಆಗುವುದಿಲ್ಲ. 'ಆದೇಶದ ಪ್ರತಿ ತೋರಿಸಿ ಸಾರ್' ಅಂತ ಮರ್ಯಾದೆಯಿಂದ ಕೇಳಿ. ಇಂಥ ಆದೇಶಗಳನ್ನು ಜನರಿಗೆ ಗೊತ್ತಾಗುವಂತೆ ಪ್ರಕಟಿಸಬೇಕು, ನ್ಯಾಯವಾದ ಅಭಿಪ್ರಾಯ ಅಡಗಿಸೋಕೆ ಬಳಸಬಾರದು ಅಂತ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮರುತಿಂಗಳೇ ನಮ್ಮ ಹೈಕೋರ್ಟ್, 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144 ಕಾನೂನುಬಾಹಿರ ಅಂದಿತು.

ನಮ್ಮ ಜಿಲ್ಲೆಯವರಿಗೆ ಇದು ಕೋರ್ಟಿನ ಪುಸ್ತಕದಿಂದ ಕಲಿಯುವ ಪಾಠ ಅಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ನಿಷೇಧ ಇದ್ದರೂ ಜನ ಸಭೆ ಸೇರಿದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಆಮೇಲೆಯೇ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್, ಕಾಂಗ್ರೆಸ್ಸಿನ ಸರ್ದಾರ್ ಪಟೇಲ್ ನಡುವೆ ಮಿರ್ಜಾ–ಪಟೇಲ್ ಒಪ್ಪಂದ ಆಗಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸೋಕೆ ಒಪ್ಪಿಗೆ ಸಿಕ್ಕಿದ್ದು. ಅಲ್ಲಿ ಸಾಲುಸಾಲು ನಾಗರಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಪ್ರದಕ್ಷಿಣೆ ಹಾಕುತ್ತೇವಲ್ಲ, ಅದೇ ಊರಿನಲ್ಲಿ ಹುತಾತ್ಮರ ಸ್ಮಾರಕವೂ ಇದೆ. ನಾನು ಚಿಕ್ಕವಳಿದ್ದಾಗ ಅಜ್ಜಿ ಮೊದಲು ನಾಗರಕಲ್ಲಿಗೆ ಹಾಲೆರೆಸಿ, ಆಮೇಲೆ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಕೈ ಮುಗಿಸುತ್ತಿದ್ದರು. ಪೂಜೆ ಬೇರೆ, ಹೋರಾಟ ಬೇರೆ ಅಂತ ಅವರು ಯಾವತ್ತೂ ಹೇಳಲಿಲ್ಲ.

ಹಾಗಂತ ನಿಮ್ಮ ಕಡೆ ತಪ್ಪೇ ಇಲ್ಲ ಅನ್ನಲಾರೆ. ರಸ್ತೆ ಪೂರ್ತಿ ಅಡ್ಡ ಕೂತಿದ್ದರೆ ದಾರಿ ತಡೆದ ಕೇಸು ಆಗಬಹುದು. ಬೀದಿಯಲ್ಲಿ ಸಭೆ ಮಾಡುವುದನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಇಲ್ಲವೆನ್ನುವ ಹಾಗಿಲ್ಲ ಅಂತ 1972ರಲ್ಲಿ ಹಿಮ್ಮತ್‌ಲಾಲ್ ಶಾ ಕೇಸಿನಲ್ಲಿ ತೀರ್ಮಾನವಾಗಿದೆ. ದೆಹಲಿಯ ಶಾಹೀನ್‌ಬಾಗ್ ರಸ್ತೆ ಧರಣಿಯ ಕೇಸಿನಲ್ಲಿ, 2020ರಲ್ಲಿ, ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಅಂತ ಇಲ್ಲದೆ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೇ ರಸ್ತೆ ಪಕ್ಕ ಕೂರಿ. ಆಂಬುಲೆನ್ಸ್, ಹಾಲಿನ ಗಾಡಿ, ಶಾಲೆ ಮಕ್ಕಳು ಹೋಗೋಕೆ ಜಾಗ ಇರಲಿ.

ಮರುಪ್ರಶ್ನೆ (ಅದೇ ಸದಸ್ಯೆ):

ಮೈಕು ವಾಪಸ್ ಬರುತ್ತಾ? ಅದು ಬಾಡಿಗೆಯದು.

ಉತ್ತರ:

ವಶಕ್ಕೆ ತಗೊಂಡಿದ್ದರೆ ಬರಹದಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಠಾಣೆಗೆ ಒಂದು ಅರ್ಜಿ ಕೊಡಿ, ಕೊಡದಿದ್ದರೆ ಕೋರ್ಟಿನಲ್ಲಿ ಕೇಳೋಣ. ಆದರೆ ಮೈಕಿಗೆ ಮಾತ್ರ ಅನುಮತಿ ಬೇಕೇ ಬೇಕು. 2000ದ ಶಬ್ದಮಾಲಿನ್ಯ ನಿಯಮ ಹಾಗೆ ಹೇಳುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಧ್ವನಿವರ್ಧಕ ಹಾಕಿ, ಡ್ರಮ್ ಬಾರಿಸಿ ಪ್ರಾರ್ಥಿಸಿ ಬೇರೆಯವರ ನೆಮ್ಮದಿ ಕೆಡಿಸಿ ಅಂತ ಯಾವ ಧರ್ಮವೂ ಹೇಳಿಲ್ಲ ಅಂತ ಅದೇ ವರ್ಷ ಚೆನ್ನೈನ ಒಂದು ಚರ್ಚಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಾಳ ಸಾಕು ಅಕ್ಕ. ಮೂವತ್ತು ಹೆಂಗಸರ ದನಿ ಕ್ವಾರಿವರೆಗೂ ಕೇಳಿಸುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಶಿಡ್ಲಘಟ್ಟ):

ಮೇಡಂ, ಹಬ್ಬದ ದಿನ ರಸ್ತೆಯಲ್ಲಿ ನಮಾಜ್ ಮಾಡುತ್ತಾರಲ್ಲ, ಅದಕ್ಕೂ ಇದೇ ಕಾನೂನಾ?

ಉತ್ತರ:

ಇದೇ ಕಾನೂನು. ನಮಾಜಿಗೂ ಅದೇ, ಗಣಪತಿ ಮೆರವಣಿಗೆಗೂ ಅದೇ, ಕರಗಕ್ಕೂ ಅದೇ. ಅನುಮತಿ, ಸಮಯ, ದಾರಿ. ಒಬ್ಬರಿಗೆ ಗಂಟೆಗಟ್ಟಲೆ ರಸ್ತೆ ಬಿಟ್ಟುಕೊಟ್ಟು ಇನ್ನೊಬ್ಬರಿಗೆ ಹತ್ತು ನಿಮಿಷಕ್ಕೆ ಕೇಸ್ ಹಾಕಿದರೆ ಅದು ತಪ್ಪು. ತೊಂದರೆ ಆದರೆ ದೂರು ಕೊಡಿ ಅಣ್ಣ, ನೀವೇ ಹೋಗಿ ಎಬ್ಬಿಸಬೇಡಿ. ಕಾನೂನುಬದ್ಧವಾಗಿ ನಡೆಯುತ್ತಿರುವ ಪ್ರಾರ್ಥನೆ ಕೆಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 300ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು.

ಪ್ರಶ್ನೆ (ಮೊದಲ ಸದಸ್ಯೆಯ ಅಣ್ಣನ ಮಗ):

ಅತ್ತೆಯವರ ಫೋಟೋ ಹಾಕಿ, 'ಅಧಿಕಾರಿಗಳಿಗೆ ಕಣ್ಣಿಲ್ಲ, ದುಡ್ಡು ತಿಂದಿದ್ದಾರೆ' ಅಂತ ಸ್ಟೇಟಸ್ ಹಾಕಿದ್ದೆ. 196 ಹಾಕುತ್ತೇವೆ ಅಂತ ಹೆದರಿಸಿದ್ದಾರೆ.

ಉತ್ತರ:

ಅದೇ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಇರುವುದು ಧರ್ಮ, ಜಾತಿ, ಭಾಷೆ ಹೆಸರಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವವರಿಗೆ. ಅಧಿಕಾರಿಗಳಿಗೆ ಕಣ್ಣಿಲ್ಲ ಅನ್ನುವುದು ದ್ವೇಷ ಅಲ್ಲಪ್ಪ, ಸಿಟ್ಟು. ಮಾತಿನ ಕೇಸುಗಳಲ್ಲಿ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇದ್ದರೆ, ಎಫ್‌ಐಆರ್‌ಗೆ ಮೊದಲು 14 ದಿನದೊಳಗಿನ ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಅಂತ 2025ರ ಮಾರ್ಚಿನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಅವರ ಪದ್ಯದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 'ದುಡ್ಡು ತಿಂದಿದ್ದಾರೆ' ಅನ್ನುವುದಕ್ಕೆ ನಿನ್ನ ಹತ್ತಿರ ಏನಿದೆ? ಇಲ್ಲದಿದ್ದರೆ ಅದೊಂದು ಮಾತು ತೆಗೆದುಬಿಡು, ಮಾನನಷ್ಟದ ಕೇಸಿಗೆ ದಾರಿ ಆಗುತ್ತದೆ. ಬದಲಿಗೆ ಬಿರುಕಿನ ಫೋಟೋ ಹಾಕು, ಪಕ್ಕದಲ್ಲಿ ಸ್ಕೇಲ್ ಇಟ್ಟು, ತಾರೀಕು ಬರೆದು. ಸಿಡಿಸಿದ ದಿನ, ಗಂಟೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಿಮ್ಮ ಭಯ ಸುಮ್ನೆ ಬಂದದ್ದಲ್ಲ.

ಮೊದಲ ಸದಸ್ಯೆ (ಎರಡು ದಿನದ ಮೇಲೆ):

ಮೇಡಂ, ಮತ್ತೆ ಕೂರುವ ಮೊದಲು ತಿಳಿಸೋಣ ಅಂತ ಪತ್ರ ಬರೆದಿದ್ದೇವೆ. ಠಾಣೆಗೆ ಒಂದು, ತಹಶೀಲ್ದಾರರಿಗೆ ಒಂದು, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಂದು. ಬೆಳಗ್ಗೆ 10ರಿಂದ 1ರವರೆಗೆ, ರಸ್ತೆ ಪಕ್ಕ, ಮೈಕ್ ಇಲ್ಲದೆ ಅಂತ ಹಾಕಿದ್ದೇವೆ. ವಿಷಯ: 'ಪ್ರಾರ್ಥನಾ ಕಾರ್ಯಕ್ರಮದ ಬಗ್ಗೆ'. ನಾಳೆ ಕೊಡಲಾ?

ಉತ್ತರ:

ಕೊಡಿ ಅಕ್ಕ. ಎರಡೆರಡು ಪ್ರತಿ ಒಯ್ಯಿರಿ. ತಪಾಲಿನವರು ನಿಮ್ಮ ಪ್ರತಿ ಮೇಲೆ ಸೀಲ್ ಒತ್ತಿ, ತಾರೀಕು ಹಾಕಿ, ಸಹಿ ಮಾಡುವವರೆಗೆ ಅಲ್ಲಿಂದ ಕದಲಬೇಡಿ. ಮತ್ತೆ ವಿಷಯದ ಸಾಲು ಬದಲಾಯಿಸಿ: 'ಕಲ್ಲು ಕ್ವಾರಿ ವಿರುದ್ಧ ಶಾಂತಿಯುತ ಪ್ರತಿಭಟನೆ ಮತ್ತು ಪ್ರಾರ್ಥನೆ'.